ಕಟ್ಟೆಯ ಮೇಲಿನ ಬೂದುಗುಂಬಳ

ಹೆಂಡತಿ ಅಮೃತಾ ಮಗಳನ್ನು ಕರೆದುಕೊಂಡು ಇರಕಲ್ಲಗಡದ ತವರಿಗೆ ಹೋದ ಮೇಲೆ ಯಲಬುರ್ಗಾದ ಗುಮಾಸ್ತ ತಿರುಮಲೇಶನ ನಿಜವಾದ ರಜೆ ಶುರುವಾಯಿತು. ಮಗಳ ಕಪಾಟಿನ ತುಂಬ ಹರೆಯದ ಹುಡುಗರು ಓದುವ ಕಾದಂಬರಿಗಳಿದ್ದವು. ಅವನ್ನು ಮಂಚದ ಮೇಲೆ ಬಿದ್ದುಕೊಂಡು ಓದಬೇಕು, ಹಸಿವಾದರೆ ಕುರಿ ಕೋಳಿಯ ತಂಟೆಯಿಲ್ಲದೆ ಕಾಯಿಪಲ್ಲೆ ಮಾಡಿ ಉಣ್ಣಬೇಕು, ಯಾರೂ ಬಂದು ಬಾಗಿಲು ಬಡಿಯಬಾರದು. ಬಡಪಾಯಿ ಬೇಡಿದ್ದು ಇಷ್ಟೇ.

ರಾತ್ರಿಯೇ ತರಕಾರಿ ಹನಮೇಶನಿಗೆ ಫೋನು ಮಾಡಿ, "ಒಂದು ಬೂದಗುಂಬಳಕಾಯಿ ಕಟ್ಟಿ ಮ್ಯಾಲ ಇಟ್ಟು ಹೋಗಪಾ, ಕರೀಬ್ಯಾಡ" ಎಂದಿದ್ದ. ಬೆಳಿಗ್ಗೆ ಬಾಗಿಲು ತೆಗೆದರೆ ಕಾಯಿ ಕಟ್ಟೆಯ ಮೇಲಿತ್ತು. ಮೇಲೆ ದಪ್ಪಗೆ ಕುಂಕುಮ ಬಳಿದಿತ್ತು. ಅವತ್ತು ಅಮಾವಾಸ್ಯೆ, ಹನಮೇಶನ ಗಾಡಿ ಪೂಜೆಯ ಕುಂಕುಮವಿರಬೇಕೆಂದು ಒರೆಸಿ, ಹೆಚ್ಚಿ, ಮೊಬೈಲು ನೋಡಿಕೊಂಡು ಮಜ್ಜಿಗೆ ಹುಳಿ ಮಾಡಿದ. ಅವನಿಗೇ ಆಶ್ಚರ್ಯವಾಗುವಷ್ಟು ರುಚಿಯಾಗಿತ್ತು. ಹೊಟ್ಟೆ ಬಿರಿಯೆ ಉಂಡು ಪುಸ್ತಕ ಹಿಡಿದ.

ಕಾದಂಬರಿಯಲ್ಲೊಬ್ಬ ಹುಡುಗಿ, ಮನೆಯಲ್ಲಿ ಒಬ್ಬಳೇ. ದಿನಾ ಹೊಸ್ತಿಲ ಮೇಲೆ ಯಾರೋ ಊಟ ಇಟ್ಟು ಹೋಗುತ್ತಾರೆ. ಅವಳು ಉಣ್ಣುತ್ತಾಳೆ. ಒಂದು ದಿನ ಅಡುಗೆಮನೆಯೊಳಗಿಂದ ಅವಳದೇ ದನಿ ಅವಳ ಹೆಸರು ಹಿಡಿದು ಕರೆಯುತ್ತದೆ. ತಿರುಮಲೇಶನ ಕೈ ಪುಟದ ಮೇಲೆಯೇ ನಿಂತಿತು. ಹೊರಗೆ ಮೋಡ ಕವಿಯಿತು. ಕರೆಂಟು ಹೋಗಿ ಫ್ಯಾನು ನಿಧಾನಕ್ಕೆ ನಿಂತಿತು. ತನ್ನ ಮನೆಯ ಅಡುಗೆಮನೆ ಇಷ್ಟು ಕತ್ತಲಾಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

"ತಿರುಮಲೇಶಣ್ಣಾ..."

ಅವನು ಓಗೊಡಲಿಲ್ಲ. ಮತ್ತೆ ಅದೇ ದನಿ. ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆಗೆದರೆ ಹನಮೇಶ, ಅವನ ಕೈಯಲ್ಲೊಂದು ಬೂದುಗುಂಬಳ.

"ತಡ ಆತ್ರಿ. ತಗೋರಿ ನಿಮ್ಮ ಕಾಯಿ."

"ಮುಂಜಾನಿ ಇಟ್ಟು ಹೋದೆಲ್ಲೋ?"

"ಇಲ್ರೀ, ನಾ ಈಗ ಗಾಡಿ ಹೊರಗ ತಗದೀನಿ."

ಇಬ್ಬರ ಕಣ್ಣೂ ಮೂಲೆಯಲ್ಲಿದ್ದ, ಒರೆಸಿದರೂ ಕೆಂಪು ಉಳಿದಿದ್ದ ಸಿಪ್ಪೆಯ ಮೇಲೆ ಹೋದವು. ಹನಮೇಶ ಕಾಯಿ ಅಲ್ಲೇ ಬಿಟ್ಟು ಹಿಂದೆ ಸರಿದ.

"ಅಮಾಸಿ ದಿನ, ಕುಂಕುಮ ಹಚ್ಚಿದ ಕಾಯಿ... ಮಾಟದ್ದು... ತಿಂದ್ರ್ಯಾ?" ಎಂದವನೇ ಓಟ ಕಿತ್ತ.

ಸ್ವಲ್ಪ ಹೊತ್ತಿಗೆ ಓಣಿಯೆಲ್ಲ ಮನೆಯ ಮುಂದೆ ಸೇರಿತು. ಹೊಸ್ತಿಲು ಮಾತ್ರ ಯಾರೂ ದಾಟಲಿಲ್ಲ. ಎದುರುಮನೆಯ ಕಿರಾಣಿ ವ್ಯಾಪಾರಿ ಕೊಟ್ರಬಸಪ್ಪ ದೂರದಿಂದಲೇ ತಪಾಸಣೆಗಿಳಿದ.

"ನಾಲಿಗಿ ತಗೀರಿ. ನಿಮ್ಮ ಹೆಸರೇನು ಹೇಳ್ರಿ ನೋಡೂಣು."

"ತಿರುಮಲೇಶ."

"ಹೇಳಾಕ ತಡ ಮಾಡಿದ್ರು ನೋಡಿದ್ರ್ಯಾ?" ಎಂದು ಅವನು ಜನರತ್ತ ತಿರುಗಿದ. ಪಕ್ಕದಲ್ಲಿದ್ದ ರಜಿಯಾಬೇಗಂ ನಿಟ್ಟುಸಿರು ಬಿಟ್ಟಳು. "ಇಂಥಾದ್ದು ಹೊಟ್ಯಾಗ ಹೋದ್ರ ಹೊತ್ತು ಮುಳುಗೂದ್ರಾಗ ತೋರಸ್ತೈತ್ರಿ."

ಹೊತ್ತು ಮುಳುಗುವುದನ್ನು ಕಾಯುತ್ತ ಎಲ್ಲರೂ ಕೂತರು. ಓಣಿಯ ನಾಯಿ ಕೂಡ ಬಂದು ಅವನನ್ನೇ ನೋಡುತ್ತ ಕೂತಿತು. ತಿರುಮಲೇಶನಿಗೆ ಹೊಟ್ಟೆಯೊಳಗೆ ಯಾರೋ ಮೆಲ್ಲಗೆ ಮಗ್ಗುಲು ಬದಲಿಸಿದಂತೆ ಆಯಿತು. ಅವನಿಗೆ ಸಾಯುವ ಭಯ ಹತ್ತಿತು. ಮಗಳನ್ನು ಇನ್ನೊಮ್ಮೆ ನೋಡುತ್ತೇನೋ ಇಲ್ಲವೋ ಎಂದು ಕಣ್ಣು ತುಂಬಿ ಬಂತು.

ಹೊತ್ತು ಮುಳುಗಿತು. ತಿರುಮಲೇಶ ಬಾಯಿ ತೆರೆದ. ಜನ ಎದ್ದು ನಿಂತರು. ಒಳಗಿಂದ ಉದ್ದನೆಯದೊಂದು ತೇಗು ಬಂತು. ಅರ್ಧ ಓಣಿ ಖಾಲಿಯಾಯಿತು. ಆಮೇಲೆ ಏನೂ ಆಗಲಿಲ್ಲ.

"ಅರಗಿಸಿಕೊಂಡ್ರು!" ಎಂದು ಕೊಟ್ರಬಸಪ್ಪ ಹೊಸ್ತಿಲು ದಾಟಿ ಬಂದು ಅವನ ಕಾಲಿಗೆ ಬಿದ್ದ.

ಅಷ್ಟರಲ್ಲಿ ಕುಷ್ಟಗಿಯ ಬಸ್ಸಿಳಿದು ಪಕ್ಕದ ಮನೆಯ ಭೀಮಕ್ಕ ಬಂದಳು. "ನನ್ನ ಕಾಯಿ ಎಲ್ಲೈತ್ರಿ? ಬಾಗಲಾಗ ಕಟ್ಟಾಕ ಪೂಜಿ ಮಾಡಿಸ್ಕೊಂಡು ತಂದಿದ್ದೆ. ಬಸ್ ಬಂತಂತ ನಿಮ್ಮ ಕಟ್ಟಿ ಮ್ಯಾಲ ಇಟ್ಟು ಓಡಿದ್ದೆ."

ತಿರುಮಲೇಶನಿಗೆ ಹೋದ ಜೀವ ಬಂದಂತಾಯಿತು. "ಕೇಳಿದ್ರ್ಯಾ? ಮಾಟ ಇಲ್ಲ, ಮಣ್ಣಿಲ್ಲ! ಏಳ್ರಿ, ಮನೀಗೆ ನಡೀರಿ!" ಎಂದು ಕುಣಿದಾಡಿದ.

ಕೊಟ್ರಬಸಪ್ಪ ನಕ್ಕ. "ನಿನ್ನ ಮಾಟದ ಕಾಯಿ ತಿಂದು ಅರಗಿಸ್ಕೊಂಡಾರ. ದೊಡ್ಡವರು ತಮ್ಮ ಶಕ್ತಿ ಹಿಂಗ ಮುಚ್ಚಿಡ್ತಾರ." ಭೀಮಕ್ಕ ಅವನ ಮುಖ ನೋಡಿದಳು, ತಿರುಮಲೇಶನ ಅತ್ತು ಕೆಂಪಾದ ಕಣ್ಣು ನೋಡಿದಳು, ಮೆಲ್ಲಗೆ ಕೈ ಮುಗಿದಳು. "ಹಂಗಾರ ಮಾಟ ನನಗ ಮಾಡಿದ್ರೇನ್ರಿ? ನೀವು ತಿಂದು ನನ್ನ ಜೀವ ಉಳಿಸಿದ್ರಿ!"

ಮರುದಿನ ಬೆಳಿಗ್ಗೆ ಕಟ್ಟೆಯ ತುಂಬ ಕುಂಕುಮದ ಕಾಯಿಗಳು, ಓಣಿಯ ತುಂಬ ಕುಷ್ಟಗಿ, ಹಿಟ್ನಾಳದಿಂದ ಬಂದ ಜನ. ಬಾಗಿಲು ಬಡಿತ ನಿಲ್ಲಲೇ ಇಲ್ಲ. ತಿರುಮಲೇಶ ಚಿಲಕ ಹಾಕಿ, ಮಂಚದ ಕೆಳಗೆ ತೂರಿ, ಇವರನ್ನೆಲ್ಲ ಬೈದು ಓಡಿಸುವ ತಾಕತ್ತಿರುವ ಒಬ್ಬಳೇ ಒಬ್ಬಳಿಗೆ ಫೋನು ಮಾಡಿದ. ಅಮೃತಾ ಅವನಿಗೆ ಮಾತಾಡಲು ಬಿಡಲೇ ಇಲ್ಲ.

"ನೀವ ಫೋನ್ ಮಾಡಿದ್ದು ಛಲೋ ಆತು. ನಮ್ಮ ಯಲಬುರ್ಗಾದಾಗ ಮಾಟ ತಿಂದು ಅರಗಿಸ್ಕೊಳ್ಳೋ ದೊಡ್ಡವರು ಒಬ್ಬರು ಅದಾರಂತಲ್ರಿ! ಅವ್ವ, ಅಪ್ಪ, ಚಿಗವ್ವ ಎಲ್ಲಾರೂ ಗಾಡಿ ಮಾಡ್ಕೊಂಡು ಹೊಂಟೀವಿ. ಭಾಳ ಗದ್ದಲ ಐತಂತ. ನೀವು ಹೆಂಗೂ ಖಾಲಿ ಅದೀರಿ, ಲಗೂನ ಹೋಗಿ ನಮ್ಮ ಪಾಳಿ ಹಿಡೀರಿ."