ಮೊದಲ ರಿಂಗಿಗೇ ಎತ್ತುವ ಡ್ರೈವರುಗಳು

ನಾನು ಓದು ನಿಲ್ಲಿಸಿದ್ದು ೧೯೮೧ರಲ್ಲಿ, ಏಳನೇ ಕ್ಲಾಸಿನ ನಡುವೆ. ಮೇಷ್ಟ್ರು ಭೂಮಿ ತಿರುಗುತ್ತದೆ ಎಂದರು. ತಿರುಗುವುದೇ ಆದರೆ ಲಾರಿ ಹತ್ತಿ ತಿರುಗೋಣ ಎಂದು ಕ್ಲೀನರ್ ಆದೆ. ಕ್ಲೀನರ್ ಡ್ರೈವರಾದ, ಡ್ರೈವರ್ ಮಾಲೀಕನಾದ. ಯಾರ ಶಿಫಾರಸೂ ಇಲ್ಲ, ನನ್ನ ಬೆನ್ನಿನದೇ ಶಿಫಾರಸು. ನಮ್ಮ ಹೊಸಪೇಟೆಯ ಬಿಳಿ ನಾಯಿಗಳೂ ಧೂಳಿಗೆ ಕೆಂಪಾಗಿದ್ದ ಆ ಅದಿರಿನ ಕಾಲದಲ್ಲಿ, ಸಂಡೂರಿನ ಗುಡ್ಡದಿಂದ ನಮ್ಮೂರಿನಲ್ಲಿ ಗೂಡ್ಸ್ ರೈಲು ತುಂಬುವ ರೈಲ್ವೆ ಸೈಡಿಂಗಿಗೆ ನನ್ನ ಆರು ಲಾರಿಗಳು ಅದಿರು ಹೊರುತ್ತಿದ್ದವು.

ಕಣ್ಣೆದುರಿಗೆ ಇರುವವರನ್ನು ಯಾರು ಬೇಕಾದರೂ ದುಡಿಸಬಹುದು. ಕಾಣದಷ್ಟು ದೂರ ಇರುವವರನ್ನು ಕೂತಲ್ಲಿಂದಲೇ ನಡೆಸುವುದಿದೆಯಲ್ಲ, ಅದು ವಿದ್ಯೆ. ಆ ವಿದ್ಯೆಯೆಲ್ಲ ಮೊಬೈಲಿನಲ್ಲಿದೆ ಎಂದುಕೊಂಡು ಆರೂ ಡ್ರೈವರುಗಳಿಗೆ ಒಂದೊಂದು ಕೊಡಿಸಿದೆ. ಮನೆಯ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರಿಗೂ ಫೋನ್ ಹಚ್ಚಿ "ಎಲ್ಲಿದೀಯಲೇ?" ಎಂದು ಕೇಳುವುದೇ ನನ್ನ ಆಫೀಸು. ಆರನೆಯವನದು ಮುಗಿಯುವಷ್ಟರಲ್ಲಿ ಮೊದಲನೆಯವನು ಎಲ್ಲಿ ಮುಟ್ಟಿದನೋ ಎಂಬ ಚಿಂತೆ. ನನ್ನ ಹೆಂಡತಿ ಗಂಗಮ್ಮ ಒಂದು ದಿನ, "ಎಮ್ಮಿ ಮೇಸೋರು ಸೈತ ಇಷ್ಟು ಸಲ ಕೂಗಂಗಿಲ್ಲ ಬಿಡ್ರಿ. ಮೆಲಕು ಹಾಕಾಕರ ಬಿಡ್ತಾರ" ಎಂದಳು. ಹೆಂಗಸರಿಗೆ ವ್ಯವಹಾರ ತಿಳಿಯದು ಎಂದುಕೊಂಡು ಮೊದಲನೆಯವನಿಗೆ ಮತ್ತೆ ಹಚ್ಚಿದೆ.

ಮೊದಮೊದಲು ಡ್ರೈವರುಗಳು ಫೋನ್ ಎತ್ತಲು ತಡ ಮಾಡುತ್ತಿದ್ದರು. ಚೆನ್ನಾಗಿ ಬೈದೆ. ಆಮೇಲೆ ಎಂಥ ಬದಲಾವಣೆ! ಆರೂ ಜನ ಮೊದಲ ರಿಂಗಿಗೇ ಎತ್ತತೊಡಗಿದರು. ಏಳನೇ ಕ್ಲಾಸು ಪೂರ್ತಿ ಮಾಡದವನ ಶಿಸ್ತು ನೋಡಿ ಎಂದು ಮೀಸೆ ತಿರುವಿದೆ.

ಆದರೆ ನಮಗೆ ಕೆಲಸ ಕೊಟ್ಟಿದ್ದ ಗುತ್ತಿಗೆದಾರರು ಮೊದಲೇ ಎಚ್ಚರಿಸಿದ್ದರು: ಪ್ರತಿ ಗಾಡಿ ದಿನಕ್ಕೆ ಎರಡು ಟ್ರಿಪ್ ಹೊಡೆಯದಿದ್ದರೆ ಕೆಲಸ ಬೇರೆಯವರ ಪಾಲು. ಆರು ಲಾರಿ ಮನೆ ಮುಂದೆ ನಿಂತರೆ ನನ್ನ ಒಲೆಯ ಜೊತೆಗೆ ಇನ್ನಾರು ಮನೆಯ ಒಲೆ ಆರಬೇಕು. ಹಿಂದಿನ ವಾರಗಳಲ್ಲಿ ಟ್ರಿಪ್ ತಪ್ಪಿದ್ದನ್ನು ಕೇಳಲು ಅವರು ಬರಹೇಳಿದ ದಿನ ಸೈಡಿಂಗಿಗೆ ಹೋದೆ.

"ಡ್ರೈವರ್‌ಗಳು ನಿಮ್ಮ ಮಾತು ಕೇಳ್ತಾರೇನ್ರಿ?" ಎಂದರು.

"ಈಗ ನೋಡ್ರಿ ಸಾವ್ಕಾರ್ರ" ಎಂದು, ನನ್ನ ಹಿರಿಯ ಡ್ರೈವರಾದ ಮೆಟ್ರಿ ಊರಿನ ಹುಲಿಗೆಪ್ಪನಿಗೆ ಹಚ್ಚಿ, ಅವರಿಗೂ ಕೇಳಲೆಂದು ಸ್ಪೀಕರ್ ಒತ್ತಿದೆ. ಒಂದೇ ರಿಂಗು. ಮೊದಲು ಅವನ ಕೆಮ್ಮು, ಆಮೇಲೆ ಮಾತು: "ಹುಲಿಗೆಪ್ಪ ರೀ ಅಣ್ಣಾ. ಸಂಡೂರಾಗ ಲೋಡಿಗೆ ನಿಂತೀನ್ರಿ."

"ಕೇಳಿದ್ರ್ಯಾ?" ಎಂದು ನಾನು ಎದೆಯುಬ್ಬಿಸುವುದಕ್ಕೂ, ನಮ್ಮೆದುರಿಗೇ ಅದಿರು ಸುರಿದು ನಿಂತ ಲಾರಿಯಿಂದ ಹುಲಿಗೆಪ್ಪ ಇಳಿದು ಬಂದು, "ನಮಸ್ಕಾರ್ರೀ ಸಾವ್ಕಾರ್ರ" ಎನ್ನುವುದಕ್ಕೂ ಸರಿಹೋಯಿತು. ಫೋನಿನಲ್ಲಿ ಇನ್ನೊಬ್ಬ ಹುಲಿಗೆಪ್ಪ ಇನ್ನೂ ಕೆಮ್ಮುತ್ತಲೇ ಇದ್ದ.

"ಇವ ಯಾವನಲೇ?" ಎಂದು ಫೋನ್ ತೋರಿಸಿದೆ.

"ಈರಣ್ಣ ರೀ. ಸಂಡೂರ್ ದಾರ್ಯಾಗ ಮಿರ್ಚಿ ಅಂಗಡಿ ಐತಲ್ರಿ, ಅವ" ಎಂದ ಹುಲಿಗೆಪ್ಪ. "ನೀವು ಫೋನ್ ಹಚ್ಚಿದಾಗೊಮ್ಮೆ ಗಾಡಿ ಬದಿಗೆ ಹಾಕಬೇಕು. ಹಾಕಿದ್ರ ಹಿಂದಿನ ಗಾಡಿ ಮುಂದ ಹೊಕ್ಕಾವು, ಲೋಡಿಂಗ್‌ನಾಗ ಪಾಳಿ ತಪ್ಪತೈತಿ. ಎತ್ತಲಿಲ್ಲಂದ್ರ ಬೈತೀರಿ. ಅದಕ್ಕ ಆರೂ ಫೋನು ಅವನ ಹತ್ರ ಇಟ್ಟೀವಿ. ಎಲ್ಲಾರ ದನೀನೂ ಮಾಡ್ತಾನ್ರಿ. ನಮ್ಮ ಡ್ರೈವರ್ ಬಂಡ್ರಿ ಊರಿನ ಸಣ್ಣೆಪ್ಪಂದಂತೂ ಭಾಳ ಮಸ್ತ್!"

ಗುತ್ತಿಗೆದಾರರು ಗುಮಾಸ್ತನನ್ನು ಕೂಗಿ ವಿಚಾರಿಸಿದರು. "ಈ ವಾರ ಇವರ ಎಲ್ಲಾ ಗಾಡಿ ದಿನಾ ಎರಡು ಟ್ರಿಪ್ ಹೊಡದಾವ್ರಿ" ಎಂದ ಅವನು. ಅವರು ನನ್ನತ್ತ ತಿರುಗಿದರು. "ಫೋನ್ ಅಂಗಡ್ಯಾಗ ಇಡಿಸೋ ಐಡಿಯಾ ನಿಮ್ದೇನ್ರಿ?"

"ಮತ್ಯಾರ್ದ್ರಿ?" ಎಂದೆ. ಹುಲಿಗೆಪ್ಪ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದ. ಕೆಲಸ ಉಳಿಯಿತು.

ಅಂದಿನಿಂದ ಬೆಳಿಗ್ಗೆ ಗಾಡಿ ಹೊರಡುವ ಮುನ್ನ ನಮ್ಮ ಕಟ್ಟೆಯ ಮೇಲೆ ಎಲ್ಲರಿಗೂ ಚಹಾ. ಆ ದಿನದ ಮಾತೆಲ್ಲ ಅಲ್ಲೇ ಮುಗಿಯಬೇಕು. ಫೋನುಗಳು ಮರಳಿ ಅವರ ಜೇಬಿಗೆ ಬಂದವು; ತೊಂದರೆಯಾದರೆ ಅವರೇ ಹಚ್ಚುತ್ತಾರೆ. ದೂರದವರನ್ನು ನಡೆಸುವುದೆಂದರೆ ಹೊರಡುವ ಮುಂಚೆ ಸರಿಯಾಗಿ ಮಾತಾಡಿ, ಆಮೇಲೆ ಅವರನ್ನು ನಂಬುವುದು ಎಂದು ಹೊಸ ಲಾರಿ ಮಾಲೀಕರಿಗೆ ನಾನೇ ಪಾಠ ಹೇಳುತ್ತೇನೆ. ಮಿರ್ಚಿ ಅಂಗಡಿಯ ವಿಷಯ ಮಾತ್ರ ಪಾಠದಲ್ಲಿಲ್ಲ.

ಈಗ ನನಗೆ ಒಂಬತ್ತು ಲಾರಿ, ಒಂಬತ್ತು ಡ್ರೈವರು, ಇಬ್ಬರು ಹೆಣ್ಣುಮಕ್ಕಳು, ಸ್ವಂತದ್ದೊಂದು ಮನೆ, ಮತ್ತು ಹಗಲೆಲ್ಲ ಯಾರಿಗೂ ಹಚ್ಚುವಂತಿಲ್ಲದ ಒಂದು ಮೊಬೈಲು.