ಅತ್ತೆ ಜಾಝ್ ಹುಡುಕಿಕೊಂಡು ಹರಿಹರಕ್ಕೆ ಹೋದದ್ದು

ದಾವಣಗೆರೆಯಲ್ಲಿ ಹೆವಿ ಮೆಟಲ್ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಜನ ಕಬ್ಬಿಣದಂಗಡಿಗೆ ದಾರಿ ತೋರಿಸುತ್ತಿದ್ದ ಕಾಲ ಅದು. ತೊಂಬತ್ತರ ದಶಕದ ಕೊನೆ. ಆಗ ಆ ಸಂಗೀತದ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವರು ಊರಿಗೆಲ್ಲ ಒಬ್ಬರೇ ಇದ್ದರು. ಉದ್ದ ಕೂದಲು ಬಿಟ್ಟ ಕಾಲೇಜು ಹುಡುಗ ಎಂದುಕೊಂಡಿರಾ? ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸೀಮೆಸುಣ್ಣ, ವಯಸ್ಸು ಐವತ್ತಮೂರು! ನಮ್ಮಪ್ಪನ ಅಕ್ಕ, ಹೈಸ್ಕೂಲಿನ ಗಣಿತದ ಮೇಡಂ, ನನ್ನ ಸೋದರತ್ತೆ.

ಕ್ಲಾಸಿನಲ್ಲಿ ಒಬ್ಬ ಹುಡುಗಿಯಿಂದ ಕ್ಯಾಸೆಟ್ ಕಿತ್ತುಕೊಂಡದ್ದೇ ಇದಕ್ಕೆಲ್ಲ ಮೂಲ. ವಾಪಸ್ ಕೊಡುವ ಮೊದಲು ಒಳಗೇನಿದೆ ಎಂದು ನೋಡಬೇಡವೇ? ಅತ್ತೆ ನೋಡಿದರು. ಹನ್ನೊಂದು ಸಲ ನೋಡಿದರು! ಹಿತ್ತಲಿನಿಂದ ಅಮ್ಮ ಓಡಿ ಬಂದು, "ಅಕ್ಕಾರೆ, ಮಿಕ್ಸಿ ಕೆಟ್ಟೈತೇನ್ರಿ?" ಎಂದಳು.

"ಕೆಟ್ಟಿಲ್ಲ, ಹಾಡಾಕತ್ತೈತೆ," ಎಂದರು ಅತ್ತೆ.

ಕ್ಯಾಸೆಟ್ಟಿನೊಳಗೆ ಮಡಚಿಟ್ಟ ಕಾಗದವನ್ನು ನಿಘಂಟು ಹಿಡಿದು ಓದಿದಾಗ ಒಂದು ಸಾಲು ಸಿಕ್ಕಿತು. ಆ ಮೆಟಲ್ ತಂಡದಲ್ಲಿ ಡ್ರಮ್ ಬಾರಿಸುವವನು, ತಾನು ಕಲಿತದ್ದೆಲ್ಲ ಒಬ್ಬ ಮುದಿ ಜಾಝ್ ವಾದಕನ ಆಲ್ಬಮ್ ಕೇಳಿ ಎಂದು ಬರೆದುಕೊಂಡಿದ್ದ. ಅತ್ತೆ ಕನ್ನಡಕ ತೆಗೆದಿಟ್ಟರು. "ಶಿಷ್ಯಂದು ಕೇಳಿದ್ಮ್ಯಾಲೆ ಗುರುವಿಂದು ಕೇಳದೆ ಬಿಡಾಕಾಗ್ತೈತೇನು? ನಡಿಯವ್ವಾ," ಎಂದು ನನ್ನನ್ನೂ ಹೊರಡಿಸಿದರು.

ಕ್ಯಾಸೆಟ್ ಅಂಗಡಿಯವನು ತಲೆ ಕೆರೆದುಕೊಂಡ. "ಜಾಝ್ ಇಲ್ರಿ ಮೇಡಂ. ವಚನ ಗಾಯನ ಐತೆ, ಕೊಡ್ಲ್ಯಾ?"

"ಅವು ಮನ್ಯಾಗೆ ಐದಾವೆ. ಜಾಝ್ ಎಲ್ಲಿ ಸಿಗ್ತೈತೆ, ಅದನ್ನ ಹೇಳಪ್ಪ."

ಹರಿಹರದಲ್ಲೊಬ್ಬ ನಿವೃತ್ತ ಎಂಜಿನಿಯರ್ ಇದ್ದಾರೆ, ಅವರ ಮನೆಯಲ್ಲಿ ಕಪಾಟಿನ ತುಂಬ ಅಂಥ ಗ್ರಾಮಫೋನ್ ಪ್ಲೇಟುಗಳಿವೆ ಎಂದು ಅವನು ಹೇಳಿದ್ದೇ ತಡ, ಭಾನುವಾರ ನಾವು ಹರಿಹರದ ಬಸ್ಸಿನಲ್ಲಿದ್ದೆವು. ಎಂಜಿನಿಯರ್ ಬಾಗಿಲು ತೆರೆದು, "ಬರ್ರಿ, ಕೂಡ್ರಿ," ಎಂದರು. ಗುರುವಿನ ಆಲ್ಬಮ್ಮೂ ಅವರಲ್ಲಿತ್ತು! ಆದರೆ ಪ್ಲೇಯರಿನ ಮುಳ್ಳು ಮುರಿದು ಮೂರು ವರ್ಷವಾಗಿತ್ತು.

ಬೇರೆಯವರಾಗಿದ್ದರೆ ಚಹಾ ಕುಡಿದು ಎದ್ದು ಬರುತ್ತಿದ್ದರು. ಅತ್ತೆ ಮುರಿದ ಮುಳ್ಳನ್ನೇ ಮಾದರಿಗೆಂದು ಕಂಪಾಸ್ ಬಾಕ್ಸಿನಲ್ಲಿ ಹಾಕಿಕೊಂಡು ಬಂದರು. ಆ ವಾರವೆಲ್ಲ ಶಾಲೆ ಬಿಟ್ಟ ಮೇಲೆ ಮದುವೆಗೆ ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿಗಳನ್ನು ಸುತ್ತಿದರು.

"ಪ್ಲೇಟಿನ ಕಾಲ ಮುಗೀತ್ರಿ ಮೇಡಂ, ಈಗೆಲ್ಲ ಕ್ಯಾಸೆಟ್," ಎಂದ ಆರನೆಯ ಅಂಗಡಿಯವನು.

"ಮುಗಿದ ಕಾಲದ ಸಾಮಾನು ಅಟ್ಟದ ಮ್ಯಾಲಿರ್ತೈತೆ. ಏಣಿ ಹಾಕು."

ಏಣಿ ಹಾಕಿದ. ಮುಳ್ಳು ಸಿಕ್ಕಿತು!

ಮುಂದಿನ ಭಾನುವಾರ ಮತ್ತೆ ಹರಿಹರ. ಮೊದಲು ಎಂಜಿನಿಯರಿಗೂ ಶಿಷ್ಯನ ಕ್ಯಾಸೆಟ್ ಕೇಳಿಸಲೇಬೇಕೆಂದು ಅತ್ತೆ ಹಟ ಹಿಡಿದರು. ಆ ಮನುಷ್ಯ ಹಲ್ಲುನೋವು ತಡೆದುಕೊಳ್ಳುವವರಂತೆ ಕೂತು ಕೇಳಿ, ಕೊನೆಗೆ, "ಗದ್ದಲ ಬಾಳ ಐತ್ರಿ. ಆದ್ರ ಈ ಹುಡುಗ ಒಳ್ಳೆ ಮನಿಯಾಗ ಉಂಡಾನೆ," ಎಂದರು. ಅತ್ತೆಯ ಮುಖ ನೋಡಬೇಕಿತ್ತು, ಸ್ವಂತ ಮಗನಿಗೆ ರ‍್ಯಾಂಕ್ ಬಂದಂತೆ!

ಆಮೇಲೆ ಪ್ಲೇಟು ತಿರುಗಿತು. ಅತ್ತೆ ತೊಡೆಯ ಮೇಲೆ ತಾಳ ಹಾಕುತ್ತಾ, "ಐದೈದು ಎಣಿಕಿ ನೋಡು," ಎಂದು ಹಿಗ್ಗಿದರು.

"ಈಗ ಕೇಳ್ರಿ," ಎಂಜಿನಿಯರ್ ಬೆರಳೆತ್ತಿದರು, "ಕೋಲು ಬಿಟ್ಟು ತಂತಿ ಬ್ರಷ್ ಹಿಡಿದಾನೆ. ಇದೇ ಜೀವಾಳ." ಒಣ ಎಲೆಗಳ ಮೇಲೆ ಯಾರೋ ಮೆಲ್ಲಗೆ ನಡೆದಂಥ ಸದ್ದು ಕೋಣೆಯಲ್ಲಿ ಹರಡಿತು.

ಅತ್ತೆಯ ಕೈ ನಿಂತಿತು. ತಿರುಗುವ ಪ್ಲೇಟನ್ನೇ ದಿಟ್ಟಿಸುತ್ತ ನನ್ನತ್ತ ಬಾಗಿ ಕೇಳಿದರು: "ನಿಲ್ಸಿದ್ನೇನು?"

ನಾನು ನಗಲು ಬಾಯಿ ತೆರೆದವಳು ಅವರ ಮುಖ ನೋಡಿ ಮುಚ್ಚಿದೆ.

"ಸಣ್ಣ ಸದ್ದು ಕೇಳಸ್ದಂಗಾಗಿ ಆರು ತಿಂಗಳಾತು. ಬರ್ತಾ ಬರ್ತಾ ಉಳಿದದ್ದೂ ಹೋಗ್ತೈತೆ ಅಂದಾರೆ ಡಾಕ್ಟ್ರು. ನಿಮ್ಮಪ್ಪಗೆ ಹೇಳಬ್ಯಾಡ, ಸುಮ್ನೆ ಹೆದರ್ತಾನೆ," ಎಂದರು, ಹೋಂವರ್ಕ್ ಹೇಳುವ ದನಿಯಲ್ಲೇ.

ಎಂಜಿನಿಯರ್ ಎದ್ದು ಅತ್ತೆಯ ಕುರ್ಚಿಯನ್ನು ಸ್ಪೀಕರಿನ ಪಕ್ಕಕ್ಕೆ ಸರಿಸಿಕೊಟ್ಟು, ಮುಳ್ಳನ್ನೆತ್ತಿ ಮತ್ತೆ ಆ ಜಾಗಕ್ಕೇ ಇಟ್ಟರು. ನಾನು ಅತ್ತೆಯ ಅಂಗೈಯನ್ನು ನನ್ನ ಮಡಿಲಿಗೆಳೆದುಕೊಂಡು, ಆ ಬ್ರಷ್ ಹೋದಂತೆಲ್ಲ ಬೆರಳ ತುದಿಯಿಂದ ಸವರುತ್ತಾ ಹೋದೆ. ಕಣ್ಣು ಮಸುಕಾಗುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ತುಟಿಯಲ್ಲೇ ಎಣಿಸುತ್ತಿದ್ದವರು ಥಟ್ಟನೆ ನನ್ನ ಬೆರಳು ಹಿಡಿದರು.

"ಒಂದು ಎಣಿಕಿ ಬಿಟ್ಟಿ ನೋಡು. ಅಳಬ್ಯಾಡ. ಮೊದ್ಲಿಂದ ಹಾಕು."