ಸಮುದ್ರ ನೋಡಿ ಬಂದ ಫರ್ಶಿ

ನನ್ನ ಸೋದರಮಾವನ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬ ವಿಷಯದಲ್ಲಿ ನಮ್ಮ ಮನೆತನದಲ್ಲಿ ಎರಡು ಪಂಗಡಗಳಿವೆ. ನೆಟ್ಟಗಿದೆ ಎನ್ನುವ ಪಂಗಡದಲ್ಲಿ ಸದ್ಯಕ್ಕೆ ಮಾಮಾ ಒಬ್ಬರೇ ಇದ್ದಾರೆ. ಜನ ತೀರ್ಥಯಾತ್ರೆಗೆ ತಾಯಿಯನ್ನು ಕರೆದೊಯ್ಯುತ್ತಾರೆ, ಹೆಂಡತಿಯನ್ನು ಕರೆದೊಯ್ಯುತ್ತಾರೆ, ಬಾಯಿ ಜೋರಿದ್ದರೆ ಬೀಗರೂ ಬರುತ್ತಾರೆ. ಶಹಾಬಾದಿನಿಂದ ರಾಮೇಶ್ವರದವರೆಗೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಒಂದು ಹಾಸುಗಲ್ಲನ್ನು ಕರೆದೊಯ್ದವರು, ಕರೆದೊಯ್ದದ್ದಲ್ಲದೆ ಅದನ್ನು ಜೋಪಾನವಾಗಿ ವಾಪಸು ಕರೆತಂದವರು, ನನಗೆ ತಿಳಿದ ಮಟ್ಟಿಗೆ ಅವರೊಬ್ಬರೇ!

ಕಲ್ಲಿನ ಪೂರ್ವಾಪರವನ್ನು ಹೇಳದೆ ಮುಂದೆ ಹೋಗುವುದು ಕಲ್ಲಿಗೆ ಮಾಡುವ ಅವಮಾನ. ಮಾಮಾನದು ಶಹಾಬಾದಿನಲ್ಲಿ ಫರ್ಶಿ ಅಂಗಡಿ. ನಮ್ಮ ಕಡೆಯ ನೆಲಕ್ಕೆಲ್ಲ ಹಾಸುವ ಆ ಬೂದುಬಣ್ಣದ ಚಪ್ಪಡಿಗೆ ನಾವು ಫರ್ಶಿ ಎನ್ನುತ್ತೇವೆ. ಅಂಗಡಿಯ ಮುಂದೆ ಒಂದು ಕಟ್ಟೆ. ಕಟ್ಟೆಯ ಬಲತುದಿಯ ಚೌಕ ಫರ್ಶಿಯ ಮೇಲೆ ದಿನಾ ಸಂಜೆ ಮಾಮಾನ ಜೀವದ ಗೆಳೆಯ, ನಾವೆಲ್ಲ ಚಾಚಾ ಎನ್ನುವವರು, ಬಂದು ಕೂರುತ್ತಾರೆ. ಬೇರೆ ಯಾರಾದರೂ ಅಲ್ಲಿ ಕೂತರೆ ಚಾಚಾ ಜಗಳವಾಡುವುದಿಲ್ಲ. ಎದುರಿಗೆ ನಿಂತು, ಅವರು ಏಳುವವರೆಗೆ ಕೆಮ್ಮುತ್ತಾರೆ.

ಇಬ್ಬರೂ ಹರೆಯದಲ್ಲಿ ರಾವೂರಿನ ಖಣಿಯಲ್ಲಿ ಜೋಡಿಯಾಗಿ ಕಲ್ಲು ಎಬ್ಬಿಸುತ್ತಿದ್ದವರು. ಒಬ್ಬರು ಉಳಿ ಹಿಡಿದರೆ ಇನ್ನೊಬ್ಬರು ಸುತ್ತಿಗೆ ಹೊಡೆಯಬೇಕು. ಗೆಳೆಯನ ಸುತ್ತಿಗೆಯ ಕೆಳಗೆ ದಿನವಿಡೀ ಕೈಯಿಟ್ಟು ಕೂತವರ ಸ್ನೇಹ ಎಂಥದ್ದೆಂದು ನಾನು ವಿವರಿಸಬೇಕಿಲ್ಲ. ಆಗಲೇ ಇಬ್ಬರೂ ಸೈಕಲ್ ಮೇಲೆ ಸಮುದ್ರ ನೋಡಿ ಬರುವುದೆಂದು ಠರಾವು ಮಾಡಿದ್ದರು. ಠರಾವು ಮದುವೆಗಳಿಗಾಗಿ ಮುಂದೆ ಹೋಯಿತು, ಬಾಣಂತನಗಳಿಗಾಗಿ ಮುಂದೆ ಹೋಯಿತು, ಮಕ್ಕಳ ಮದುವೆಗಳಿಗಾಗಿ ಮತ್ತೂ ಮುಂದೆ ಹೋಯಿತು. ಕೊನೆಗೊಮ್ಮೆ ಎರಡೂ ಸೈಕಲ್ಲಿಗೆ ಎಣ್ಣೆ ಬಿಟ್ಟು ಹೊಸ ಟೈರ್ ಹಾಕಿಸಿದಾಗ ಚಾಚಾನ ಮೊಣಕಾಲುಗಳೆರಡೂ ಒಟ್ಟಿಗೆ ರಾಜೀನಾಮೆ ಕೊಟ್ಟವು.

"ನೀ ಹೋಗಿ ಬಾ. ಬಂದು ಹೇಳು," ಎಂದರು ಚಾಚಾ.

"ನಾ ಹೇಳಿದ್ದು ನೀ ಯಾವಾಗ ನಂಬೀದಿ?" ಎಂದರು ಮಾಮಾ.

"ಅದೂ ಖರೇ. ಕಾಗಿಣಾ ಹೊಳಿಗಿ ಪೂರ ಬಂದದ ಅಂತ ನೀ ಹೇಳಿದ್ರ, ನಾ ಹೋಗಿ ಕಾಲು ತೊಯಿಸ್ಕೊಂಡೇ ನಂಬಾಂವ."

ಆಮೇಲೆ ಚಾಚಾ ತಾವು ಕೂತ ಕಲ್ಲನ್ನು ಅಂಗೈಯಿಂದ ತಟ್ಟಿದರು. "ಇದನ್ನ ಒಯ್ಯಿ ದೋಸ್ತ. ಇಷ್ಟು ವರ್ಷ ನನ್ನ ಹೊತ್ತದ. ಇದು ಹೋದ್ರ ನಾ ಹೋದಂಗ. ಸಮುದ್ರದಾಗ ಮುಳುಗಿಸಿ, ಹೊಳ್ಳಿ ತಂದು ಇಲ್ಲೇ ಕೂಡಸು. ಒಡದು ತಂದಿ ಅಂದ್ರ ಮಾತು ಬಂದ್!"

ಬುದ್ಧಿಯಿದ್ದವನು ಇಂಥ ಮಾತಿಗೆ ನಕ್ಕು ಚಹಾ ಹೇಳುತ್ತಾನೆ. ಮಾಮಾ ಒಳಗೆ ಹೋಗಿ ಹಾರೆ ತಂದರು.

ಸೇಡಮ್ಮಿನಲ್ಲಿ ಮಾಸ್ತರಿಕೆ ಮುಗಿಸಿ ಸುಖವಾಗಿ ಕೂತಿದ್ದ ನಾನು ಇದರೊಳಗೆ ಬಂದದ್ದು ಹೇಗೆ? ಚಾಚಾನ ಸೈಕಲ್ ಖಾಲಿ ಇತ್ತು. "ಸೈಕಲ್ ಅವಂದು, ಕಾಲು ನಿಂದು. ನಡಿ ಅಳಿಯಾ," ಎಂದರು ಮಾಮಾ. ಚಾಚಾ ನನಗೆ ಕೊಟ್ಟ ಆಶೀರ್ವಾದ ಇಷ್ಟೇ: "ಗಂಟಿ ಸುಮ್ಮಸುಮ್ಮನ ಬಾರಿಸಬ್ಯಾಡ ಮಾಸ್ತರ್, ಸ್ಪ್ರಿಂಗ್ ಹಳೇದದ."

ದಾರಿಯ ಕಥೆ ಇಲ್ಲಿ ಬೇಡ, ನನ್ನ ಸೊಂಟ ಇನ್ನೂ ಅದನ್ನು ಹೇಳುತ್ತಲೇ ಇದೆ. ಸಮುದ್ರದ ಮೇಲಿನ ಸೇತುವೆ ದಾಟಿ ರಾಮೇಶ್ವರದ ದ್ವೀಪಕ್ಕೆ ಕಾಲಿಟ್ಟೆವು ಎನ್ನುವಲ್ಲಿಂದ ಶುರು ಮಾಡೋಣ. ಸೇತುವೆಯ ಮೇಲಿನ ಗಾಳಿಗೆ ನಾನು ಸೈಕಲ್ ಸಮೇತ ಕಟಕಟೆಗೆ ಅಂಟಿಕೊಂಡಿದ್ದೆ. ಮಾಮಾ ಮಾತ್ರ ನೆಟ್ಟಗೆ ಹೋಗುತ್ತಿದ್ದರು. ಹಿಂದೆ ಕೌದಿಯಲ್ಲಿ ಸುತ್ತಿದ ಎಂಟೊಂಬತ್ತು ಕಿಲೋ ಕೂತಿತ್ತಲ್ಲ!

ಮರುದಿನ ಬೆಳಿಗ್ಗೆ ಚಾಚಾನ ಫೋನ್ ಬಂತು. "ಹ್ಯಾಂಗದ?" ಎಂದರು.

"ಸೊಂಟ ಹಿಡದದ, ಅಂಗಾಲಿಗೆ ಗುಳ್ಳಿ ಎದ್ದಾವ..." ಎಂದು ನಾನು ಶುರು ಮಾಡಿದೆ.

"ನಿನ್ನ ಕೇಳಿಲ್ಲ ಮಾಸ್ತರ್. ಕಲ್ಲು ಹ್ಯಾಂಗದ?"

ಮಾಮಾ ಫೋನ್ ಕಸಿದುಕೊಂಡು, ಬೆರಳ ಗೆಣ್ಣಿನಿಂದ ಕಲ್ಲನ್ನು ಬಡಿದು ಕೇಳಿಸಿದರು. ಟಣ್! ಒಳಗೆ ಬಿರುಕಿಲ್ಲದ ಕಲ್ಲು ಹಾಗೆ ನುಡಿಯುತ್ತದೆ. ಬಿರುಕಿದ್ದರೆ ಠಸ್ ಎನ್ನುತ್ತದೆ. ಮಾಮಾ ಜಗತ್ತನ್ನು ಅರಿಯುವುದೇ ಈ ಮಾರ್ಗದಿಂದ. ಲಾಡ್ಜಿನ ಗೋಡೆ, ಕಲ್ಲಂಗಡಿ ಹಣ್ಣು, ಹೊಸದಾಗಿ ಪರಿಚಯವಾದವರ ಟಿಫಿನ್ ಡಬ್ಬಿ, ಎಲ್ಲವನ್ನೂ ಬಡಿದು ನೋಡುತ್ತಾರೆ. ಒಮ್ಮೆ ನನ್ನ ಬೋಳುತಲೆಯನ್ನು ಬಡಿದು, ಏನೂ ಹೇಳದೆ ಮುಂದೆ ಹೋಗಿದ್ದರು.

ಗುಡಿಯ ಬಾಗಿಲಲ್ಲಿ ಕಾವಲುಗಾರ ತಡೆದ. ಗಂಟಿನಲ್ಲಿ ಏನಿದೆ ಎಂದು ಕೈಸನ್ನೆ ಮಾಡಿದ. ಮಾಮಾ ಗಂಟಿನ ಮೇಲೆ ಕೈಯಿಟ್ಟು ಗಂಭೀರವಾಗಿ, "ಮೇರಾ ದೋಸ್ತ್ ಹೈ," ಎಂದರು. ಕಾವಲುಗಾರ ಗಂಟು ಬಿಚ್ಚಿಸಿ ಕಲ್ಲನ್ನು ನೋಡಿದ, ಮಾಮಾನನ್ನು ನೋಡಿದ, ಆಮೇಲೆ ನನ್ನನ್ನು ನೋಡಿ, ಇಂಥವರನ್ನು ಸಂಭಾಳಿಸುವ ಕಷ್ಟ ನಿನಗೇ ಗೊತ್ತು ಎಂಬಂತೆ ತಲೆಯಾಡಿಸಿ ಬಿಟ್ಟ.

"ಅಲ್ಲ ಮಾಮಾ, ನಾವು ಕೊರಳಾಗ ಲಿಂಗ ಕಟ್ಟಿಕೊಂಡವರು. ಇಷ್ಟು ದೂರ ದೇವ್ರನ್ನ ನೋಡ್ಲಿಕ್ಕ ಬರೂದು ಬೇಕಾಗಿತ್ತೇನ್ರಿ?" ಎಂದು ನಾನು ಒಳಗೆ ಹೋಗುತ್ತ ಕೆಣಕಿದೆ.

"ದೇವ್ರು ಎದಿಮ್ಯಾಲೇ ಅದಾನ, ಅವಗ ಸೈಕಲ್ ಯಾಕ ತುಳೀಬೇಕು? ಸಮುದ್ರ ಕೊರಳಾಗ ಇಲ್ಲಲಾ!" ಎಂದರು.



ಜಗತ್ತೆಲ್ಲ ತಲೆಯೆತ್ತಿ ನೋಡುವ ಆ ಉದ್ದನೆಯ ಪ್ರಾಕಾರದಲ್ಲಿ ಮಾಮಾ ತಲೆ ತಗ್ಗಿಸಿ, ನೆಲದ ಹಾಸುಗಲ್ಲನ್ನಷ್ಟೇ ನೋಡುತ್ತ ನಡೆದರು. ಅವರ ವಿನಯ ಕಂಡು ಹಿಂದಿನಿಂದ ಬರುತ್ತಿದ್ದ ಒಬ್ಬ ಮುದುಕಿ ಕೈಮುಗಿದಳು. ಒಳಗಿನ ಬಾವಿಗಳಲ್ಲಿ ಒಂದೊಂದಾಗಿ ಮೀಯುತ್ತ ಹೋಗುವ ಪದ್ಧತಿ ಅಲ್ಲಿಯದು. ಬಾವಿಯ ಕಟ್ಟೆಯ ಮೇಲೆ ನಿಂತವರು ಬಕೆಟ್ಟಿನಿಂದ ಸೇದಿ ಸುರಿಯುತ್ತಾರೆ. ಮಾಮಾ ಪ್ರತಿ ಬಾವಿಯಲ್ಲೂ ಕೌದಿ ಬಿಚ್ಚಿ ಕಲ್ಲನ್ನು ಮುಂದೆ ಹಿಡಿದರು. ಬಕೆಟ್ಟಿನವರು ಕಲ್ಲಿಗೆ ಭಕ್ತಿಯಿಂದ ತುಂಬಿದ ಬಕೆಟ್ ಸುರಿದು, ತಳದಲ್ಲಿ ಉಳಿದದ್ದನ್ನು ನನ್ನ ಕಡೆ ಎರಚಿದರು.

ಹೀಗೆ ಸನ್ಮಾನ ಪಡೆಯುವ ಕಲ್ಲು ಸಾಮಾನ್ಯದ್ದಿರಲಾರದೆಂದು ಸುತ್ತಲಿನವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನು? ರಾಮೇಶ್ವರವೆಂದರೆ ನೀರಿನ ಮೇಲೆ ತೇಲುವ ಕಲ್ಲಿನ ಊರು. ಒಂದು ಮರಾಠಿ ಕುಟುಂಬ ನಮ್ಮನ್ನು ಸುತ್ತುವರಿಯಿತು. ಯಜಮಾನರು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಇದೂ ತೇಲುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದರು.

ಮಾಮಾನ ಇಡೀ ವ್ಯಾಪಾರಿ ಜೀವನದ ಮರ್ಯಾದೆಗೆ ಪೆಟ್ಟು ಬಿತ್ತು. "ತೇಲೂದಾ? ನಹೀ ಜೀ! ಶಹಾಬಾದ್ ಕಾ ಮಾಲ್ ಹೈ. ಮುಳಗ್ತದ, ಡೂಬ್ತಾ. ಗ್ಯಾರಂಟಿ ಡೂಬ್ತಾ!"

ಹೊರಗೆ ಬಂದು ಒದ್ದೆ ಧೋತರ ಬದಲಿಸಲು ಮಾಮಾ ಕಲ್ಲನ್ನು ಗೋಡೆಯ ಬುಡಕ್ಕಿಟ್ಟರು. ತಿರುಗಿ ನೋಡುವಷ್ಟರಲ್ಲಿ ಒಬ್ಬ ಗಟ್ಟಿಮುಟ್ಟಾದ ಹೆಂಗಸು, ಕಾಯಿ ಒಡೆಯಲಿಕ್ಕೆಂದೇ ಇಟ್ಟ ಕಲ್ಲೆಂದು ತಿಳಿದು, ಅದರ ಮೇಲೆ ತೆಂಗಿನಕಾಯಿ ಎತ್ತಿದ್ದಳು! ಅರ್ಧ ಸುತ್ತಿದ ಧೋತರದಲ್ಲಿ ಮಾಮಾ ಹಾರಿ ಹೋಗಿ ಕಲ್ಲಿನ ಮೇಲೆ ಬೋರಲು ಬಿದ್ದರು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಧೋತರ ಎಲ್ಲಿ ನಿಂತಿತು ಎಂಬುದನ್ನು ಹಿರಿಯರ ಮೇಲಿನ ಗೌರವದಿಂದ ಬರೆಯುವುದಿಲ್ಲ. ಮಾಮಾ ಮೊದಲು ಕಲ್ಲನ್ನು ಬಡಿದು ನೋಡಿದರು, ಟಣ್. ಮಾನವನ್ನು ಮುಚ್ಚಿಕೊಂಡದ್ದು ಆಮೇಲೆ.

ಇನ್ನು ತೇಲುವ ಕಲ್ಲನ್ನೂ ನೋಡಬೇಕಲ್ಲ? ಹತ್ತಿರದ ಇನ್ನೊಂದು ಗುಡಿಯ ತೊಟ್ಟಿಯ ನೀರಿನಲ್ಲಿ ಅದು ನಿಜಕ್ಕೂ ತೇಲುತ್ತಿತ್ತು. ಮಾಮಾ ಬಹಳ ಹೊತ್ತು ದಿಟ್ಟಿಸಿದರು. ಬಡಿದು ನೋಡಲು ಚಾಚಿದ ಕೈಯನ್ನು ನಾನು ಹಿಡಿದುಕೊಂಡೆ.

"ಕಲ್ಲು ಭಾಳ ಛಂದ ಅದ ಅಳಿಯಾ," ಎಂದರು ಕೊನೆಗೆ. "ಆದ್ರ ಬಚ್ಚಲಕ್ಕ ಹಾಸಿದ್ರ ಎರಡು ತಂಬಿಗಿ ನೀರು ಹಾಕೂದ್ರಾಗ ಅಂಗಳಕ್ಕ ಬಂದು ನಿಂದರ್ತದ."

ಬಿಸಿಲು ಇಳಿಮುಖವಾದಾಗ ದ್ವೀಪದ ತುದಿಗೆ, ಧನುಷ್ಕೋಟಿಗೆ ಹೊರಟೆವು. ಎರಡೂ ಬದಿಗೆ ಸಮುದ್ರ, ನಡುವೆ ಒಂದೇ ರಸ್ತೆ. ರಸ್ತೆ ಮುಗಿದಲ್ಲಿ ಮಾಮಾ ಚಪ್ಪಲಿ ಬಿಟ್ಟು, ಕಲ್ಲನ್ನು ಎದೆಗವಚಿಕೊಂಡು ನೀರಿಗಿಳಿದರು, ಹಿಂದೆ ನಾನು. ಮೊಣಕಾಲುದ್ದ ನೀರಿನಲ್ಲಿ ಅದನ್ನು ಮೆಲ್ಲಗೆ ಕೆಳಗಿಟ್ಟು, "ನೋಡಲೇ, ಬಂತು ನಿನ್ನ ಸಮುದ್ರ," ಎಂದರು. ಅಷ್ಟರಲ್ಲಿ ಒಂದು ದೊಡ್ಡ ತೆರೆ ಬಂದು ಇಬ್ಬರನ್ನೂ ಮಗುಚಿ ಹಾಕಿತು. ಕಣ್ಣು ಬಿಟ್ಟು ನೋಡಿದರೆ ಮಾಮಾ ಇದ್ದರು, ನಾನಿದ್ದೆ. ಕಲ್ಲಿರಲಿಲ್ಲ. ಮುಳುಗುತ್ತದೆ ಎಂದು ಗ್ಯಾರಂಟಿ ಕೊಟ್ಟ ಕಲ್ಲು ತನ್ನ ಮಾತು ಉಳಿಸಿಕೊಂಡಿತ್ತು!

ನಾನು ನಗುತ್ತಿದ್ದೆನೇನೋ, ಮಾಮಾನ ಮುಖ ನೋಡಿದೆ. ನಗು ಅಲ್ಲೇ ನಿಂತಿತು. ಅವರು ನೀರಿನಲ್ಲಿ ಕೈಕಾಲೂರಿ ಉಸುಕು ತೋಡುತ್ತಿದ್ದರು. ತೋಡಿದಷ್ಟೂ ತೆರೆ ಬಂದು ತುಂಬುತ್ತಿತ್ತು. "ಅವಗ ಏನ್ ಹೇಳ್ಲಿ ಅಳಿಯಾ? ಏನ್ ಹೇಳ್ಲಿ?" ಎಂದು ಒಂದೇ ಸಮನೆ ಗೊಣಗುತ್ತಿದ್ದರು. ನಾನೂ ಪಕ್ಕದಲ್ಲಿ ತೋಡತೊಡಗಿದೆ. ಪ್ರವಾಸಿಗರು ಮೊಬೈಲ್ ಎತ್ತಿ, ನಾಲ್ಕು ಕಾಲಿನ ಮೇಲೆ ಸಮುದ್ರವನ್ನು ಅಗೆಯುತ್ತಿದ್ದ ಇಬ್ಬರು ಹಿರಿಯ ನಾಗರಿಕರ ಚಿತ್ರ ತೆಗೆದುಕೊಂಡರು. ತೆಗೆದುಕೊಳ್ಳಲಿ. ನನ್ನ ಎಡಗಾಲಿನ ಹೆಬ್ಬೆರಳು ಕಡೆಗೆ ಯಾವುದಕ್ಕೋ ಅಪ್ಪಳಿಸಿ ಉಗುರು ಕಿತ್ತು ಬಂತು. ನಾನು ಕಿರುಚಿದೆ. ನನ್ನ ನೋವಿಗೆ ಮಾಮಾನಷ್ಟು ಸಂತೋಷಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ!

ಮಾಮಾ ಕಲ್ಲನ್ನು ಎತ್ತಿ ತಂದು ಒಣ ಉಸುಕಿನ ಮೇಲಿಟ್ಟು ಬಡಿದರು. ಟಣ್.

ರಕ್ತ ಸೋರುವ ಬೆರಳಿನೊಂದಿಗೆ ನಾನು ಅದರ ಮೇಲೆ ಕೂರಲು ಹೋದೆ.

"ಏ ಏ, ಅಲ್ಲಿ ಬ್ಯಾಡ," ಎಂದರು. "ಅಂವ ನೋಡಾಕತ್ತಾನ."

ಪಕ್ಕದ ಉಸುಕಿನ ಮೇಲೆ ಕೂತೆ. ಟವೆಲ್ಲಿನಿಂದ ಕಲ್ಲನ್ನು ಒರೆಸಲು ಹೋದರೆ ಅದಕ್ಕೂ ಬಿಡಲಿಲ್ಲ. ಗಾಳಿಗೆ ತಾನೇ ಆರಿದ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಕೌದಿ ಸುತ್ತಿದರು.

ಮರಳುವಾಗ ನನ್ನ ಸೊಂಟದ ಹಟಕ್ಕೆ ಸೈಕಲ್ಲುಗಳ ಸಮೇತ ರೈಲಾಯಿತು. ವಾಡಿ ಜಂಕ್ಷನ್ನಿನಲ್ಲಿ ಗಂಟು ಎತ್ತಿದ ಹಮಾಲ, "ಏನ್ ತಂದೀರಿ ಕಾಕಾ, ಇಷ್ಟು ಭಾರ?" ಎಂದ.

"ಶಹಾಬಾದ್ ಫರ್ಶಿ."

"ಎಲ್ಲಿಂದ?"

"ರಾಮೇಶ್ವರದಿಂದ."

ಹಮಾಲ ಸುತ್ತಲಿನ ಕಲ್ಲಿನ ಸೀಮೆಯನ್ನು ಒಮ್ಮೆ ನೋಡಿದ. "ಯಾಕ್ರಿ, ಇಲ್ಲಿವು ತೀರ್ಯಾವೇನ್ರಿ?"

ಶಹಾಬಾದಿನಲ್ಲಿ ಚಾಚಾ ಕಟ್ಟೆಯ ಮೇಲೆ, ಕಲ್ಲು ಕಿತ್ತ ಗುಳಿಯ ಪಕ್ಕದಲ್ಲಿ ಮುದುಡಿ ಕೂತಿದ್ದರು. ನಾನು ಮೊಬೈಲ್ ತೆಗೆದು ಫೋಟೊ ತೋರಿಸಲು ಹೋದೆ. ಅವರು ಕೈಯಿಂದ ಸರಿಸಿದರು. ಮಾಮಾ ಪ್ಲಾಸ್ಟಿಕ್ ಬಿಚ್ಚಿ ಕಲ್ಲನ್ನು ಅದರ ಜಾಗದಲ್ಲಿ ಕೂರಿಸಿದರು. ಚಾಚಾ ಗೆಣ್ಣಿನಿಂದ ಬಡಿದು ಕೇಳಿದರು. ಆಮೇಲೆ ಬೆರಳಿನಿಂದ ಕಲ್ಲನ್ನು ಉದ್ದಕ್ಕೆ ಸವರಿ, ಬೆರಳನ್ನು ನಾಲಿಗೆಗಿಟ್ಟುಕೊಂಡು ಕಣ್ಣು ಮುಚ್ಚಿದರು.

"ಏನಾತಲೇ?" ಎಂದರು ಮಾಮಾ.

"ಉಪ್ಪು ಅದ," ಎಂದರು ಚಾಚಾ.

ಕೋಲೂರಿ, ಕಷ್ಟಪಟ್ಟು ಸರಿದು, ಕಲ್ಲಿನ ಮೇಲೆ ಕೂತರು. ಕೂತವರು ಮತ್ತೆ ಸ್ವಲ್ಪ ಪಕ್ಕಕ್ಕೆ ಸರಿದು, ಒಬ್ಬರೇ ಕೂರುವ ಆ ಕಲ್ಲಿನಲ್ಲಿ ಅಂಗೈಯಗಲ ಜಾಗ ಮಾಡಿದರು. "ಕುಂದರು ದೋಸ್ತ. ಈಗ ಮೊದಲಿಂದ ಹೇಳು. ಶಹಾಬಾದ್ ಬಿಟ್ಟ ಮ್ಯಾಲ ನಾವು ಮೊದಲ ಚಹಾ ಎಲ್ಲಿ ಕುಡದ್ವಿ?"

ಮಾಮಾ ಹೇಳತೊಡಗಿದರು. ಸೇತುವೆಯ ಗಾಳಿ ಬಂತು, ಬಾವಿಯ ನೀರು ಬಂತು. "ಆ ಹೆಣ್ಮಗಳು ಕಾಯಿ ನಿನ್ನ ತಲಿಮ್ಯಾಲೇ ಒಡೀತಿದ್ಳು ಮಗನ, ನಾ ಇದ್ದೆ ಅಂತ ಉಳದಿ," ಎಂದಾಗ ಚಾಚಾ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಬಹಳ ಹೊತ್ತು ಕೇಳಿದ ಮೇಲೆ ನನಗೆ ಹೊಳೆಯಿತು. ಆ ಪ್ರವಾಸದಲ್ಲಿ ಇದ್ದವರು ಇಬ್ಬರೇ. ನಾನು ಎಲ್ಲೂ ಇರಲಿಲ್ಲ. ನಾನು ತುಳಿದ ಸೈಕಲ್ಲನ್ನು ಅಷ್ಟೂ ದಾರಿ ಚಾಚಾ ತುಳಿದಿದ್ದರು.

ನಾನು ಕುಂಟುತ್ತ ಎದ್ದು ಚಹಾ ಹೇಳಲು ಹೋದೆ. ಎರಡೇ ಹೇಳಿದೆ.